ಓದುಗರ ಪ್ರಶ್ನೆ: ಬೀಗದ ಕೈ ಯಾರ ಹತ್ತಿರ ಇದೆ?

ಹೋದ ತಿಂಗಳು ಒಬ್ಬರಿಗೆ ಉತ್ತರ ಬರೆಯುತ್ತ, ಪಠ್ಯದಲ್ಲಿರುವ ಸಾಮಾಜಿಕ ನಾಟಕವನ್ನು ಮೇಷ್ಟ್ರೇ ಓದಿ ಮುಗಿಸಬಾರದು, ಪಾತ್ರ ಹಂಚಿ ಮಕ್ಕಳ ಬಾಯಲ್ಲೇ ಓದಿಸಬೇಕು ಅಂತ ನಾಲ್ಕು ಸಾಲು ಹಾಕಿದ್ದೆ. ಆ ನಾಲ್ಕು ಸಾಲಿಗೆ ಬಂದ ಕಾಗದಗಳಿಗೆ ನನ್ನ ಮೇಜಿನ ಮೇಲೆ ಜಾಗ ಇಲ್ಲ. ಹೊಗಳಿದವರಿಗಿಂತ ಬೈದವರೇ ಜಾಸ್ತಿ. ಬೈದವರ ಕಾಗದ ಓದುವುದಕ್ಕೂ ಚೆನ್ನಾಗಿರುತ್ತದೆ. ಹಾಗಾಗಿ ಈ ಸಲ ಪೂರ್ತಿ ಅದೇ ವಿಷಯ. ಹೆಸರು ಹಾಕಬೇಡಿ ಎಂದು ಸುಮಾರು ಜನ ಕೇಳಿಕೊಂಡಿದ್ದಾರೆ. ಯಾರದೂ ಹಾಕಿಲ್ಲ.

ಪ್ರಶ್ನೆ: ಮೇಡಂ, ನಾನು ಹೈಸ್ಕೂಲಿನಲ್ಲಿ ಭಾಷಾ ಮೇಷ್ಟ್ರು. ನಾಟಕದ ಪಾಠಕ್ಕೆ ನಮಗೆ ಸಿಗುವುದು ನಾಲ್ಕು ಪೀರಿಯಡ್. ಪರೀಕ್ಷೆಗೆ ಬರುವುದು ಒಂದು ಸಂದರ್ಭ ಸ್ವಾರಸ್ಯ, ಅದೃಷ್ಟ ಇದ್ದರೆ ಒಂದು ದೊಡ್ಡ ಪ್ರಶ್ನೆ. ಕಥೆ ಹೇಳಿ, ಸಾರಾಂಶ ಬರೆಸಿ, ಕೊನೆಗೆ ‘ಇದರಿಂದ ನಾವು ಕಲಿಯುವುದೇನೆಂದರೆ’ ಅಂತ ಎರಡು ಸಾಲು ಸೇರಿಸಿದರೆ ಸಾಲದೇ? ನಿಮಗೆ ನಿವೃತ್ತಿ ಆಗಿದೆ, ಸಲಹೆ ಕೊಡುವುದು ಸುಲಭ.

ಉತ್ತರ: ನಿವೃತ್ತಿ ಆಗಿರುವುದು ನಿಜ ಮೇಷ್ಟ್ರೇ. ಆದರೆ ಸಿಲಬಸ್ ಮುಗಿಸಲು ಒದ್ದಾಡಿದ್ದು ಇನ್ನೂ ಮರೆತಿಲ್ಲ.

ನೀವು ಕಾಟಾಚಾರಕ್ಕೆ ಬರೆಸುವ ಆ ಸಂದರ್ಭ ಸ್ವಾರಸ್ಯ ಇದೆಯಲ್ಲ, ನಾಟಕದ ಜೀವ ಇರುವುದು ಅಲ್ಲೇ. ಈ ಮಾತನ್ನು ಯಾರು ಯಾರಿಗೆ ಹೇಳಿದರು? ಕಥೆಯಲ್ಲಾದರೆ ಬರೆದವರು ಪಕ್ಕದಲ್ಲೇ ಕೂತು, ಇವನು ಒಳ್ಳೆಯವನು, ಅವನು ಒಳಗೊಳಗೇ ಕೆಟ್ಟವನು ಅಂತ ಕಿವಿಯಲ್ಲಿ ಹೇಳುತ್ತಿರುತ್ತಾರೆ. ನಾಟಕದಲ್ಲಿ ಹಾಗೆ ಹೇಳುವವರು ಯಾರೂ ಇಲ್ಲ. ಇರುವುದು ಬರೀ ಮಾತು, ಅದಕ್ಕೆ ಎದುರು ಮಾತು, ನಡುವೆ ಒಂದೆರಡು ರಂಗಸೂಚನೆ. ಯಾರದು ಸರಿ ಅಂತ ಓದುವ ಹುಡುಗನೇ ತೀರ್ಮಾನ ಮಾಡಬೇಕು. ನೀವು ‘ಕಲಿಯುವುದೇನೆಂದರೆ’ ಅಂತ ಬರೆಸಿದ ತಕ್ಷಣ ಆ ಕೆಲಸವನ್ನು ಅವನ ಕೈಯಿಂದ ಕಿತ್ತುಕೊಂಡ ಹಾಗಾಯಿತು.

ಒಂದು ಉದಾಹರಣೆ ಕೊಡ್ತೀನಿ. ನಾರ್ವೆಯ ಇಬ್ಸೆನ್ 1879ರಲ್ಲಿ ಬರೆದ ‘ಎ ಡಾಲ್ಸ್ ಹೌಸ್’ ನಾಟಕ ನಿಮಗೆ ಗೊತ್ತೇ ಇರುತ್ತದೆ. ಗಂಡ ಹೆಲ್ಮರ್‌ಗೆ ಕಾಯಿಲೆ. ಹೆಂಡತಿ ನೋರಾ ಗುಟ್ಟಾಗಿ ಸಾಲ ಮಾಡಿ ಅವನನ್ನು ಇಟಲಿಗೆ ಕರೆದುಕೊಂಡು ಹೋಗಿ ಉಳಿಸಿಕೊಂಡಿದ್ದಾಳೆ. ಸಾಲದ ಪತ್ರಕ್ಕೆ ತನ್ನ ತಂದೆಯ ರುಜುವನ್ನು ತಾನೇ ಹಾಕಿದ್ದಾಳೆ. ಅದು ಬಯಲಾದಾಗ ಗಂಡ ನಡೆದುಕೊಂಡ ರೀತಿ ನೋಡಿ, ಮನೆ ಬಿಟ್ಟು ಹೊರಡುತ್ತಾಳೆ. ಸಾರಾಂಶ ಇಷ್ಟೇ. ನೋಟ್ಸ್‌ನಲ್ಲಿ ಹತ್ತು ಸಾಲು.

ನಾನು ಇದನ್ನು ಒಂದು ವರ್ಷ ತರಗತಿಯಲ್ಲಿ ಓದಿಸಿದೆ. ಎರಡನೆಯ ಅಂಕದಲ್ಲಿ ಸಾಲ ಕೊಟ್ಟವನು ಗುಟ್ಟನ್ನೆಲ್ಲ ಬರೆದ ಪತ್ರವನ್ನು ಮನೆಯ ಕಾಗದದ ಪೆಟ್ಟಿಗೆಗೆ ಹಾಕಿ ಹೋಗುತ್ತಾನೆ. ಪತ್ರ ನೋರಾಳ ಕಣ್ಣೆದುರೇ ಇದೆ. ತೆಗೆಯುವುದಕ್ಕೆ ಆಗುವುದಿಲ್ಲ. ಬೀಗದ ಕೈ ಗಂಡನ ಹತ್ತಿರ ಮಾತ್ರ. ಮೂರನೆಯ ಅಂಕದಲ್ಲಿ ಹೆಲ್ಮರ್ ಪೆಟ್ಟಿಗೆ ತೆಗೆಯಲು ಹೋದಾಗ ಬೀಗದಲ್ಲಿ ಮುರಿದ ಹೇರ್‌ಪಿನ್ ಸಿಕ್ಕಿಕೊಂಡಿರುತ್ತದೆ. ‘ಇದು ನಿನ್ನದೇ ಅಲ್ವಾ’ ಅಂದರೆ, ‘ಮಕ್ಕಳು ಏನೋ ಮಾಡಿರಬೇಕು’ ಅನ್ನುತ್ತಾಳೆ ನೋರಾ.

ಇದನ್ನು ಓದುತ್ತಿದ್ದ ಹುಡುಗಿ ಅಲ್ಲೇ ನಿಲ್ಲಿಸಿಬಿಟ್ಟಳು. ‘ಮೇಡಂ, ಅದು ಮನೆಗೆ ಬರುವ ಕಾಗದದ ಪೆಟ್ಟಿಗೆ. ಕೈ ಒಬ್ಬರ ಹತ್ರಾನೇ ಯಾಕೆ?’ ನಾನು ಉತ್ತರ ಹೇಳಬೇಕು ಅಂತ ಬಾಯಿ ತೆಗೆದೆ. ಅಷ್ಟರಲ್ಲಿ ಹಿಂದಿನ ಬೆಂಚಿನಿಂದ ಒಬ್ಬ ಹುಡುಗ, ಯಾವತ್ತೂ ಮಾತಾಡದವನು, ‘ನಮ್ಮನೇಲಿ ಅಮ್ಮನ ಫೋನ್ ಪಾಸ್‌ವರ್ಡ್ ಎಲ್ಲರಿಗೂ ಗೊತ್ತು. ಅಪ್ಪಂದು ಯಾರಿಗೂ ಗೊತ್ತಿಲ್ಲ’ ಅಂದ. ಯಾರೂ ನಗಲಿಲ್ಲ. ಆಮೇಲೆ ಒಂದಿಡೀ ಪೀರಿಯಡ್ ನಾನು ಬಾಯಿ ಬಿಡುವ ಅಗತ್ಯವೇ ಬರಲಿಲ್ಲ.

ನಿಮ್ಮ ಸಾರಾಂಶದಲ್ಲಿ ಆ ಬೀಗದ ಕೈ ಇರುವುದಿಲ್ಲ ಮೇಷ್ಟ್ರೇ. ಹೇರ್‌ಪಿನ್ ಅಂತೂ ಇರುವುದೇ ಇಲ್ಲ. ನಾಲ್ಕು ಪೀರಿಯಡ್ ಅಂದಿರಿ. ಇಡೀ ನಾಟಕ ಬೇಡ, ಒಂದೇ ದೃಶ್ಯ ಸರಿಯಾಗಿ ಓದಿಸಿ. ಉಳಿದ ಕಥೆ ಐದು ನಿಮಿಷದಲ್ಲಿ ಹೇಳಿ ಮುಗಿಸಿ. ಹಾಗೆ ಓದಿದ ಮಕ್ಕಳಿಗೆ ‘ಯಾರು ಯಾರಿಗೆ ಹೇಳಿದರು’ ಅನ್ನುವುದನ್ನು ಉರು ಹೊಡೆಸಬೇಕಾಗಿಲ್ಲ, ಆ ಮಾತು ಹೇಳಿದ ಗೆಳತಿಯ ದನಿಯೇ ನೆನಪಿರುತ್ತದೆ.

ಪ್ರಶ್ನೆ: ಅಂಥದೇ ನಾಟಕವೊಂದನ್ನು ಓದಿ ಬಂದ ನನ್ನ ಮಗಳು ರಾತ್ರಿ ಎಲ್ಲರೂ ಕೂತಿರುವಾಗ, ‘ಅಮ್ಮ, ನಿನ್ನ ಹೆಸರಲ್ಲಿ ಏನೇನಿದೆ?’ ಅಂತ ಕೇಳಿದಳು. ನನಗೆ ಮುಖ ಎಲ್ಲಿಡಲಿ ಅನ್ನಿಸಿತು. ನಮ್ಮ ಯಜಮಾನರು ಊಟ ಬಿಟ್ಟು ಎದ್ದರು. ಇಂಥ ನಾಟಕಗಳು ಮನೆ ಒಡೆಯುವುದಿಲ್ಲವೇ ಮೇಡಂ? ಒಳ್ಳೆಯ ಕೊನೆ ಇರುವ ನಾಟಕ ಕಲಿಸಬಾರದೇ?

ಉತ್ತರ: ಈ ಭಯ ನಿಮ್ಮೊಬ್ಬರದೇ ಅಲ್ಲ ತಾಯಿ, ಅದಕ್ಕೆ 140 ವರ್ಷ ದಾಟಿದೆ. ಮೇಲೆ ಹೇಳಿದ ನಾಟಕ 1880ರಲ್ಲಿ ಜರ್ಮನಿಯಲ್ಲಿ ಆಡಬೇಕಾಗಿತ್ತು. ನೋರಾ ಪಾತ್ರದ ನಟಿ ಹೆಡ್‌ವಿಗ್ ನೀಮನ್ ರಾಬೆ, ನಾನಾದರೆ ನನ್ನ ಮಕ್ಕಳನ್ನು ಬಿಟ್ಟು ಹೋಗಲಾರೆ, ಹೀಗೆ ಮುಗಿಯುವ ನಾಟಕ ಆಡುವುದಿಲ್ಲ ಎಂದು ಹಟ ಹಿಡಿದಳು. ಬೇರೆ ಯಾರೋ ತಿದ್ದಿ ಹಾಳು ಮಾಡುವುದಕ್ಕಿಂತ ತಾನೇ ತಿದ್ದುವುದು ವಾಸಿ ಎಂದು ಇಬ್ಸೆನ್ನೇ ಇನ್ನೊಂದು ಕೊನೆ ಬರೆದುಕೊಟ್ಟ. ಅದರಲ್ಲಿ ಗಂಡ ಅವಳನ್ನು ಮಲಗಿರುವ ಮಕ್ಕಳ ಕೋಣೆಯ ಬಾಗಿಲಿಗೆ ಎಳೆದು ತರುತ್ತಾನೆ. ಅವಳು ಅಲ್ಲೇ ಕುಸಿಯುತ್ತಾಳೆ. ಹೋಗುವುದಿಲ್ಲ. ಬರೆದುಕೊಟ್ಟ ಇಬ್ಸೆನ್ನನೇ ಆಮೇಲೆ ಅದನ್ನು ನಾಟಕದ ಮೇಲೆ ನಡೆದ ಅನಾಗರಿಕ ದೌರ್ಜನ್ಯ ಅಂತ ಬೈದ.

ನನಗೆ ಆ ನಟಿಯ ಮೇಲೆ ಸಿಟ್ಟಿಲ್ಲ. ಅವಳಿಂದಾಗಿ ಮೇಷ್ಟ್ರುಗಳಿಗೆ ಒಂದು ಒಳ್ಳೆಯ ಸಾಧನ ಸಿಕ್ಕಿದೆ. ಎರಡೂ ಕೊನೆ ಅಕ್ಕಪಕ್ಕ ಇಟ್ಟು ಮಕ್ಕಳನ್ನು ಕೇಳಿ, ಯಾವುದು ನಿಜ ಅನ್ನಿಸುತ್ತದೆ ಅಂತ. ನಮ್ಮ ತರಗತಿ ಎರಡು ಪಾಲಾಯಿತು. ಮನೆ ಬಿಡಬಾರದಿತ್ತು ಅಂದವರಲ್ಲಿ ಹುಡುಗಿಯರೂ ಇದ್ದರು, ಬಿಡಲೇಬೇಕಿತ್ತು ಅಂದವರಲ್ಲಿ ಹುಡುಗರೂ ಇದ್ದರು. ಯಾರ ಮನೆಯೂ ಒಡೆಯಲಿಲ್ಲ. ಜಗಳದ ನಡುವೆ ಒಬ್ಬಳು ಕೇಳಿದ್ದು ಮಾತ್ರ ನನಗೆ ಮರೆತಿಲ್ಲ. ‘ಮಕ್ಕಳಿಗೋಸ್ಕರ ಉಳಿದಳು, ಸರಿ. ಮಾರನೇ ದಿನ ಬೀಗದ ಕೈ ಯಾರ ಹತ್ರ ಇತ್ತು?’

ಇನ್ನು ನಿಮ್ಮ ಮಗಳ ವಿಷಯ. ಅವಳು ಆ ಪ್ರಶ್ನೆಯನ್ನು ಬೇರೆಯವರನ್ನು ಕೇಳಲಿಲ್ಲ, ನಿಮ್ಮನ್ನೇ ಕೇಳಿದಳು. ಅವಳು ಒಬ್ಬಳೇ ಇರುವಾಗ ಕೂರಿಸಿಕೊಂಡು ಇರುವುದನ್ನು ಹೇಳಿ. ಏನೂ ಇಲ್ಲದಿದ್ದರೆ ಏನೂ ಇಲ್ಲ ಅಂತಲೇ ಹೇಳಿ. ಯಜಮಾನರು ಊಟ ಬಿಟ್ಟು ಎದ್ದರು ಅಂದಿರಿ. ಪ್ರಶ್ನೆ ಅವರಿಗೂ ಸರಿಯಾಗೇ ಕೇಳಿಸಿದೆ, ಅಲ್ವಾ?

ಪ್ರಶ್ನೆ: ಮೇಡಂ ನಮಸ್ತೆ, ನಾನು 9ನೇ ತರಗತಿ. ನಮ್ಮ ಕ್ಲಾಸಿನಲ್ಲಿ ನಾಟಕ ಓದುವಾಗ ನನಗೆ ಜೀತಕ್ಕೆ ಇಟ್ಟುಕೊಳ್ಳುವ ಸಾಹುಕಾರನ ಪಾತ್ರ ಕೊಟ್ಟರು. ಚೆನ್ನಾಗಿ ಓದಿದೆ ಅಂತ ಸರ್ ಹೊಗಳಿದರು. ಈಗ ಎಲ್ಲರೂ ನನ್ನನ್ನು ಸಾಹುಕಾರ ಅಂತಲೇ ಕರೆಯುತ್ತಾರೆ. ಇಬ್ಬರು ನನ್ನ ಪಕ್ಕ ಕೂರುವುದನ್ನೂ ಬಿಟ್ಟಿದ್ದಾರೆ. ನಾನು ಕೆಟ್ಟವನಾ?

ಉತ್ತರ: ಅಲ್ಲಪ್ಪ. ಚೆನ್ನಾಗಿ ಓದಿದ್ದೀಯ ಅಷ್ಟೇ. ಕೆಟ್ಟವನ ಮಾತನ್ನು ಕೆಟ್ಟದಾಗಿ ಓದಿದರೆ ನಾಟಕ ಬಿದ್ದುಹೋಗುತ್ತದೆ. ಸಾಹುಕಾರ ತಾನು ಮಾಡುತ್ತಿರುವುದು ಸರಿ ಅಂತಲೇ ನಂಬಿರುತ್ತಾನೆ. ‘ಸಾಲ ಕೊಟ್ಟೆ, ಕೆಲಸ ಕೊಟ್ಟೆ, ಇಲ್ಲದಿದ್ದರೆ ಇವರು ಉಪವಾಸ ಸಾಯುತ್ತಿದ್ದರು’ ಅನ್ನುತ್ತಾನೆ. ಅವನ ಬಾಯಲ್ಲಿ ಅದು ನಿಜದ ಹಾಗೇ ಕೇಳಿಸಬೇಕು. ಆಗಲೇ ಕೇಳುವವರಿಗೆ, ಅರೆ, ಇದನ್ನು ನಾನೂ ಎಲ್ಲೋ ಕೇಳಿದ್ದೇನಲ್ಲ ಅನ್ನಿಸುವುದು. ನಿನ್ನ ಗೆಳೆಯರಿಗೆ ಅನ್ನಿಸಿದೆ. ಅದಕ್ಕೇ ದೂರ ಕೂತಿದ್ದಾರೆ.

ತಪ್ಪು ನಿನ್ನದಲ್ಲ, ನಿಮ್ಮ ಸರ್‌ದು. ಅವರಿಗೆ ಈ ಪುಟ ತೋರಿಸು. ಪಾತ್ರಗಳನ್ನು ಅದಲು ಬದಲು ಮಾಡಲೇಬೇಕು. ಇವತ್ತು ಸಾಹುಕಾರ ಆದವನು ನಾಳೆ ಜೀತದವನಾಗಬೇಕು. ಅದೇ ದೃಶ್ಯ, ಅದೇ ಮಾತು, ಬೇರೆ ಬಾಯಿ. ಓದಿ ಮುಗಿದ ಮೇಲೆ ಪ್ರತಿಯೊಬ್ಬರೂ ತಮ್ಮ ನಿಜವಾದ ಹೆಸರು ಹೇಳಿ ಕೂರಬೇಕು. ಚಿಕ್ಕ ವಿಷಯ ಅನ್ನಿಸುತ್ತದೆ, ಆದರೆ ಕೆಲಸ ಮಾಡುತ್ತದೆ.

ನಿಮ್ಮ ಸರ್ ಮಾಡಿದ್ದು ಸಣ್ಣ ತಪ್ಪು. ನಾನು ಮಾಡಿದ್ದು ದೊಡ್ಡದು, ಹೇಳಿಬಿಡ್ತೀನಿ. ಕುವೆಂಪು ಅವರ ‘ಜಲಗಾರ’ ಅಂತ ಪುಟ್ಟ ನಾಟಕ ಇದೆ, 1928ರದು. ಬೀದಿ ಗುಡಿಸುವವನ ಕಥೆ. ಊರೆಲ್ಲ ಶಿವನ ಗುಡಿಗೆ ಹೊರಟಿರುತ್ತದೆ, ಇವನಿಗೆ ಮಾತ್ರ ಒಳಗೆ ಹೋಗುವ ಹಾಗಿಲ್ಲ. ಕೊನೆಗೆ ಶಿವನೇ ಜಲಗಾರನ ರೂಪದಲ್ಲಿ ಇವನ ಹತ್ತಿರ ಬರುತ್ತಾನೆ. ನಾನು ಕೆಲಸಕ್ಕೆ ಸೇರಿದ ಹೊಸತು. ಒಬ್ಬ ಹುಡುಗನ ದನಿ ತುಂಬ ಚೆನ್ನಾಗಿತ್ತು ಅಂತ ಜಲಗಾರನ ಪಾತ್ರ ಅವನಿಗೆ ಕೊಟ್ಟೆ. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಯಾಕೆ ಅಂತ ನಾನು ಕೇಳಲಿಲ್ಲ. ಅವನು ಎದ್ದು ನಿಂತು ಎರಡು ಪುಟ ಓದಿದ. ಪುಸ್ತಕ ಹಿಡಿದ ಕೈಯ ಹೆಬ್ಬೆರಳು ಬೆಳ್ಳಗಾಗಿತ್ತು, ಅಷ್ಟು ಗಟ್ಟಿಯಾಗಿ ಒತ್ತಿ ಹಿಡಿದಿದ್ದ. ಮಾರನೇ ದಿನದಿಂದ ಮೂರು ದಿನ ಬರಲಿಲ್ಲ. ಅವನ ತಂದೆ ಏನು ಕೆಲಸ ಮಾಡುತ್ತಾರೆ ಅನ್ನುವುದು ತರಗತಿಗೆಲ್ಲ ಗೊತ್ತಿತ್ತು, ನನಗೆ ಮಾತ್ರ ಗೊತ್ತಿರಲಿಲ್ಲ.

ವಾಪಸ್ ಬಂದ. ನಾನು ಕ್ಷಮೆ ಕೇಳಿದೆ. ‘ಪರವಾಗಿಲ್ಲ ಮೇಡಂ’ ಅಂದ. ಆದರೆ ಆ ವರ್ಷ ಪೂರ್ತಿ ಮತ್ತೆ ಜೋರಾಗಿ ಓದಲಿಲ್ಲ. ಅಷ್ಟು ಒಳ್ಳೆಯ ದನಿ. ಅಲ್ಲಿಂದ ಮುಂದೆ ನಾನು ಚೀಟಿ ಎತ್ತಿಸಿಯೇ ಪಾತ್ರ ಹಂಚಿದ್ದು. ಅನ್ಯಾಯದ ಬಗ್ಗೆ ಇರುವ ನಾಟಕವನ್ನು, ಆ ಅನ್ಯಾಯ ಅನುಭವಿಸುತ್ತಿರುವ ಮಗುವಿನ ಕೈಲೇ ಆಡಿಸಿ ಉಳಿದವರು ಕೂತು ನೋಡಿದರೆ, ಅದು ಪಾಠವಲ್ಲ. ಜಲಗಾರನ ಮಾತನ್ನು ಅವತ್ತು ನಕ್ಕ ಹುಡುಗ ಓದಬೇಕಾಗಿತ್ತು.

ಪ್ರಶ್ನೆ: ನೀವು ಹೇಳುವುದೆಲ್ಲ ಪ್ರಚಾರ ಸಾಹಿತ್ಯವಲ್ಲವೇ? ಸಂದೇಶ ಹೊತ್ತು ಬರುವ ನಾಟಕಕ್ಕೆ ಕಲೆಯ ಬೆಲೆ ಇರುವುದಿಲ್ಲ. ಮೇಷ್ಟ್ರ ರಾಜಕೀಯ ಮಕ್ಕಳ ತಲೆಗೆ ಹೋಗುತ್ತದೆ, ಅಷ್ಟೇ. (ಒಬ್ಬ ಕಾಲೇಜು ಉಪನ್ಯಾಸಕರು)

ಉತ್ತರ: ನಿಮ್ಮ ಮಾತಿನ ಎರಡನೆಯ ಅರ್ಧವನ್ನು ಒಪ್ಪುತ್ತೇನೆ. ಆ ಅಪಾಯ ಇದೆ. ಮೇಷ್ಟ್ರು ಮೊದಲೇ ತೀರ್ಪು ಕೊಟ್ಟುಬಿಟ್ಟರೆ ನಾಟಕ ಕರಪತ್ರವಾಗುತ್ತದೆ. ಆದರೆ ಆ ತಪ್ಪು ನಾಟಕದ್ದಲ್ಲ.

ಒಳ್ಳೆಯ ನಾಟಕ ಬರೆದವನ ಕೈಗೇ ಸಿಗುವುದಿಲ್ಲ ಸ್ವಾಮಿ. ಜರ್ಮನ್ ನಾಟಕಕಾರ ಬ್ರೆಕ್ಟ್‌ನ ‘ಮದರ್ ಕರೇಜ್’ 1941ರಲ್ಲಿ ಜ್ಯೂರಿಕ್‌ನಲ್ಲಿ ಮೊದಲ ಸಲ ಆಡಿದಾಗ, ಯುದ್ಧದಲ್ಲಿ ವ್ಯಾಪಾರ ಮಾಡುತ್ತ ತನ್ನ ಮಕ್ಕಳನ್ನೇ ಕಳೆದುಕೊಳ್ಳುವ ಆ ಹೆಂಗಸನ್ನು ನೋಡಿ ಜನ ಕರಗಿಹೋದರು. ಬ್ರೆಕ್ಟ್‌ಗೆ ಬೇಕಾಗಿದ್ದು ಅದಲ್ಲ. ಇವಳು ಯಾಕೆ ಏನೂ ಕಲಿಯುವುದಿಲ್ಲ ಅಂತ ಜನ ಯೋಚಿಸಬೇಕಾಗಿತ್ತು. 1949ರ ಬರ್ಲಿನ್ ಪ್ರಯೋಗಕ್ಕೆ ಮುಂಚೆ ಅವಳನ್ನು ಇನ್ನಷ್ಟು ಗಟ್ಟಿ ವ್ಯಾಪಾರಿ ಮಾಡಿ ದೃಶ್ಯಗಳನ್ನು ತಿದ್ದಿದ. ಜನ ಆಗಲೂ ಅತ್ತರು. ಪ್ರಚಾರ ಇಷ್ಟು ಸುಲಭವಾಗಿ ಸೋಲುತ್ತದೆಯೇ?

ನೀವು ಪಾಠ ಮಾಡುವುದು ಕಾಲೇಜಿನಲ್ಲಿ. 1944ರಲ್ಲಿ ಬಂದ ಕುವೆಂಪು ಅವರ ‘ಶೂದ್ರ ತಪಸ್ವಿ’ಯನ್ನು ಓದಿಸಿ ನೋಡಿ. ರಾಮಾಯಣದ ಉತ್ತರಕಾಂಡದಲ್ಲಿ, ಶೂದ್ರನಾಗಿದ್ದೂ ತಪಸ್ಸು ಮಾಡಿದ ಅಂತ ರಾಮ ಶಂಬೂಕನನ್ನು ಕೊಲ್ಲುತ್ತಾನೆ. ಕುವೆಂಪು ನಾಟಕದಲ್ಲಿ ರಾಮ ಬಿಟ್ಟ ಬಾಣ ತಪಸ್ವಿಯ ಗೊಡವೆಗೆ ಹೋಗದೆ, ದೂರು ತಂದ ಬ್ರಾಹ್ಮಣನನ್ನೇ ಅಟ್ಟಿಸಿಕೊಂಡು ಹೋಗುತ್ತದೆ. ಹಳೆಯ ಕಥೆಯನ್ನು ಹೀಗೆ ತಿರುಗಿಸಿದ್ದು ಮಾಸ್ತಿಯವರಿಗೆ ಹಿಡಿಸಲಿಲ್ಲ. ಬರೆದು ಆಕ್ಷೇಪಿಸಿದರು. ಕುವೆಂಪು ಬರೆದೇ ಉತ್ತರ ಕೊಟ್ಟರು. ತರಗತಿಯನ್ನು ಎರಡು ಭಾಗ ಮಾಡಿ. ಮಾಸ್ತಿಯವರ ಪಕ್ಷ ಒಂದು, ಕುವೆಂಪು ಪಕ್ಷ ಇನ್ನೊಂದು. ಅರ್ಧ ಗಂಟೆ ಆದಮೇಲೆ ಪಕ್ಷ ಬದಲಾಯಿಸಲು ಹೇಳಿ. ನೀವು ಯಾವ ಪಕ್ಷ ಅಂತ ಕೊನೆಯವರೆಗೂ ಹೇಳಬೇಡಿ. ನಾನು ಹೇಳದೇ ಇರುವುದಕ್ಕೆ ನಾಲಿಗೆ ಕಚ್ಚಿಕೊಳ್ಳಬೇಕಾಗುತ್ತಿತ್ತು.

ಪ್ರಶ್ನೆ: ನಮ್ಮ ಮಕ್ಕಳು ಬಾಯಿಯೇ ಬಿಡುವುದಿಲ್ಲ. ಓದು ಅಂದರೆ ತಲೆ ತಗ್ಗಿಸುತ್ತಾರೆ. ಏನು ಮಾಡಲಿ?

ಉತ್ತರ: ಮಾತೇ ಇಲ್ಲದ ದೃಶ್ಯದಿಂದ ಶುರು ಮಾಡಿ. ತಮಾಷೆಗೆ ಹೇಳುತ್ತಿಲ್ಲ.

ಇಂಗ್ಲಿಷ್ ನಾಟಕಕಾರ ಗಾಲ್ಸ್‌ವರ್ದಿಯ ‘ಜಸ್ಟಿಸ್’ 1910ರಲ್ಲಿ ಲಂಡನ್ನಿನಲ್ಲಿ ರಂಗಕ್ಕೆ ಬಂತು. ಫಾಲ್ಡರ್ ಅನ್ನುವ ಗುಮಾಸ್ತ, ಗಂಡನಿಂದ ಹೊಡೆತ ತಿನ್ನುತ್ತಿದ್ದ ಹೆಂಗಸೊಬ್ಬಳನ್ನು ಕರೆದುಕೊಂಡು ಹೋಗಲು, ಒಂಬತ್ತು ಪೌಂಡಿನ ಚೆಕ್ಕನ್ನು ತೊಂಬತ್ತು ಅಂತ ತಿದ್ದಿ ಜೈಲು ಸೇರುತ್ತಾನೆ. ಒಂಟಿ ಕೋಣೆ. ಮೂರನೆಯ ಅಂಕದಲ್ಲಿ ಅವನು ಆ ಕೋಣೆಯಲ್ಲಿ ಒಬ್ಬನೇ ಇರುವ ದೃಶ್ಯ ಇದೆ, ಒಂದೂ ಮಾತಿಲ್ಲ. ದೂರದಲ್ಲಿ ಯಾರೋ ಬಾಗಿಲು ಬಡಿಯುವ ಸದ್ದು. ಅದು ಕೋಣೆಯಿಂದ ಕೋಣೆಗೆ ಹತ್ತಿರ ಬರುತ್ತದೆ. ಕೊನೆಗೆ ಇವನೂ ತನ್ನ ಬಾಗಿಲಿನ ಮೇಲೆ ಬಿದ್ದು ಬಡಿಯತೊಡಗುತ್ತಾನೆ. ಪರದೆ.

ನಾನು ಒಬ್ಬಳ ಕೈಲಿ ರಂಗಸೂಚನೆ ಓದಿಸಿದೆ. ಉಳಿದವರಿಗೆ ಡೆಸ್ಕ್ ಬಡಿಯುವ ಕೆಲಸ. ಹಿಂದಿನ ಮೂಲೆಯಿಂದ ಮೆಲ್ಲಗೆ ಶುರುವಾಯಿತು. ಬೆಂಚಿನಿಂದ ಬೆಂಚಿಗೆ ಮುಂದೆ ಬಂತು. ಫಾಲ್ಡರ್ ಆಗಿದ್ದ ಹುಡುಗ ಕೈ ಎತ್ತಿ ಹಾಗೇ ನಿಂತ, ಬಡಿಯಲೇ ಇಲ್ಲ. ಅಷ್ಟರಲ್ಲಿ ಪಕ್ಕದ ತರಗತಿಯ ಗಣಿತದ ಮೇಡಂ ಓಡಿ ಬಂದರು. ಅವರಿಗೆ ಸಮಾಧಾನ ಹೇಳಿ ಕಳಿಸಿ ತಿರುಗಿ ನೋಡಿದರೆ, ತಲೆ ತಗ್ಗಿಸುತ್ತಿದ್ದವರೆಲ್ಲ ಮಾತಾಡುತ್ತಿದ್ದಾರೆ. ‘ನೀನು ಯಾಕೆ ಬಡೀಲಿಲ್ಲ?’ ‘ಕೇಳಿಸಿಕೊಳ್ತಾ ಇದ್ದೆ.’ ‘ಮೊದಲು ಬಡಿದವನು ಯಾರು? ಬರೆದೇ ಇಲ್ವಲ್ಲ.’

ಇನ್ನೊಂದು ಉಪಾಯ ಬ್ರೆಜಿಲ್‌ನ ರಂಗಕರ್ಮಿ ಅಗಸ್ಟೊ ಬೋಲ್ ಅವರದು. ಅನ್ಯಾಯ ನಡೆಯುವ ದೃಶ್ಯವನ್ನು ಒಮ್ಮೆ ಪೂರ್ತಿ ಆಡಿ. ಎರಡನೇ ಸಲ ಆಡುವಾಗ ನೋಡುತ್ತಿರುವ ಯಾರು ಬೇಕಾದರೂ ‘ನಿಲ್ಲಿಸಿ’ ಅಂತ ಕೂಗಿ, ಎದ್ದು ಬಂದು, ಆ ಪಾತ್ರದ ಜಾಗದಲ್ಲಿ ನಿಂತು ಬೇರೆ ದಾರಿ ನೋಡಬಹುದು. ಒಂದೇ ಕಟ್ಟುಪಾಡು: ತುಳಿಸಿಕೊಂಡವನ ಜಾಗಕ್ಕೆ ಹೋಗಬೇಕು, ತುಳಿದವನ ಜಾಗಕ್ಕಲ್ಲ. ತುಳಿದವನನ್ನೇ ಒಳ್ಳೆಯವನನ್ನಾಗಿ ಮಾಡಿಬಿಟ್ಟರೆ ತೊಂದರೆ ಮಂತ್ರ ಹಾಕಿದ ಹಾಗೆ ಮಾಯವಾಗುತ್ತದೆ. ನಿಜವಾದ ಬದುಕಿನಲ್ಲಿ ಹಾಗೆ ಆಗುವುದಿಲ್ಲವಲ್ಲ. ಮಕ್ಕಳು ಮೊದಲು ಹೀರೊ ಥರ ಹೊಡೆದಾಟಕ್ಕೆ ಇಳಿಯುತ್ತಾರೆ. ಬಿಡಿ, ಇಳಿಯಲಿ. ಮೂರನೆಯವನೋ ನಾಲ್ಕನೆಯವಳೋ ಬಂದು ಏನಾದರೂ ಉಪಾಯ ತೆಗೆಯುತ್ತಾರೆ.

ಪ್ರಶ್ನೆ: ನಾಟಕದ ವಿಡಿಯೊ ಮೊಬೈಲ್‌ನಲ್ಲೇ ಸಿಗುತ್ತದೆ. ಅದನ್ನೇ ತೋರಿಸಿದರೆ ಆಗದೇ?

ಉತ್ತರ: ತೋರಿಸಿ. ಓದಿದ ಮೇಲೆ. ಮೊದಲೇ ತೋರಿಸಿದರೆ ಮಕ್ಕಳು ಆ ನಟರ ಮಿಮಿಕ್ರಿ ಮಾಡುತ್ತಾರೆ.

ಪ್ರಶ್ನೆ: ಇಷ್ಟೆಲ್ಲ ಮಾಡಿ ಏನು ಬದಲಾಯಿತು? ನಾಟಕದಿಂದ ಯಾವ ಸಮಾಜ ಸರಿ ಹೋಗಿದೆ, ಹೇಳಿ ನೋಡೋಣ.

ಉತ್ತರ: ಈಗ ಹೇಳಿದ ‘ಜಸ್ಟಿಸ್’ ನಾಟಕವನ್ನು ಆಗ ಬ್ರಿಟನ್ನಿನ ಗೃಹ ಸಚಿವರಾಗಿದ್ದ ಚರ್ಚಿಲ್ ನೋಡಿದರು. ಕೈದಿಗಳನ್ನು ಒಂಟಿ ಕೋಣೆಯಲ್ಲಿಡುವ ಅವಧಿ ಅವರ ಕಾಲದಲ್ಲಿ ಕಡಿಮೆಯಾಯಿತು. ನಾಟಕವೊಂದೇ ಕಾರಣ ಅಂತ ನಾನು ಹೇಳಲಾರೆ. ಗಾಲ್ಸ್‌ವರ್ದಿ ಅದಕ್ಕೆ ಮುಂಚೆಯೇ ಜೈಲುಗಳಿಗೆ ಹೋಗಿ ನೋಡಿ, ಪತ್ರ ಬರೆದು, ಬೆನ್ನು ಬಿದ್ದಿದ್ದರು. ಇನ್ನೊಂದು ಉದಾಹರಣೆ ಉಲ್ಟಾ. ನೀಲಿ ಬಣ್ಣ ತೆಗೆಯುವ ಗಿಡ ಬೆಳೆಯುವ ರೈತರ ಗೋಳನ್ನು ದೀನಬಂಧು ಮಿತ್ರ 1860ರಲ್ಲಿ ‘ನೀಲ್ ದರ್ಪಣ್’ ಅಂತ ಬಂಗಾಳಿಯಲ್ಲಿ ನಾಟಕ ಮಾಡಿದರು. ಅದರ ಇಂಗ್ಲಿಷ್ ಅನುವಾದ ಪ್ರಕಟಿಸಿದ್ದಕ್ಕೆ ಪಾದ್ರಿ ಜೇಮ್ಸ್ ಲಾಂಗ್‌ಗೆ 1861ರಲ್ಲಿ ಒಂದು ತಿಂಗಳು ಜೈಲು, 1000 ರೂಪಾಯಿ ದಂಡ. 1876ರಲ್ಲಿ ಬ್ರಿಟಿಷ್ ಸರ್ಕಾರ ನಾಟಕಗಳನ್ನು ತಡೆಯುವುದಕ್ಕೆಂದೇ ಒಂದು ಕಾನೂನು ತಂದಿತು. ಏನೂ ಆಗದ ವಸ್ತುವಿಗೆ ಯಾರಾದರೂ ಕಾನೂನು ಮಾಡುತ್ತಾರೆಯೇ?

ನನ್ನ ತರಗತಿಯಲ್ಲಿ ಎಷ್ಟು ಜನ ಬದಲಾದರು ಅಂತಲೂ ನೀವು ಕಾಗದದ ಕೊನೆಗೆ ಕೇಳಿದ್ದೀರಿ. ಲೆಕ್ಕ ಇಟ್ಟಿಲ್ಲ. ಬೀಗದ ಕೈ ಪ್ರಶ್ನೆ ಕೇಳಿದ ಹುಡುಗಿ ಮೊನ್ನೆ ಫೋನ್ ಮಾಡಿದ್ದಳು, ಅದೂ ಬೇರೆ ಏನೋ ಕೆಲಸಕ್ಕೆ. ನಾಟಕದ ವಿಷಯ ಅವಳಿಗೆ ನೆನಪಿರಲಿಲ್ಲ. ಹೇರ್‌ಪಿನ್ ಅಂದೆ. ‘ಅಯ್ಯೋ, ಅದು ಮುರಿದುಹೋಗಿತ್ತಲ್ವಾ ಮೇಡಂ!’ ಅಂದಳು.

ಮುಂದಿನ ಸಂಚಿಕೆಗೆ ಅಲ್ಪಪ್ರಾಣ, ಮಹಾಪ್ರಾಣದ ಜಗಳದ ಕಾಗದಗಳು ಕಾದು ಕೂತಿವೆ.